ಹಳೆ ವಿಡಿಯೋ ಗೇಮ್‌ಗಳ ಚಿತ್ರದೋಷ: ಅಸಲಿ ಯಂತ್ರ, ನಕಲಿ ಯಂತ್ರ, ಎಮ್ಯುಲೇಟರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಮ್ಯುಲೇಟರ್ ಅಂದರೆ ಹಳೆ ಯಂತ್ರದಂತೆ ನಡೆದು, ಕಂಪ್ಯೂಟರ್ ಅಥವಾ ಫೋನಿನಲ್ಲಿ ಅದರ ಆಟಗಳನ್ನು ಓಡಿಸುವ ಸಾಫ್ಟ್‌ವೇರ್. ಇಲ್ಲಿನ ಉತ್ತರಗಳಲ್ಲಿ ಹೆಚ್ಚಿನವು 8 ಬಿಟ್ ನಿಂಟೆಂಡೊ ಕುಟುಂಬಕ್ಕೆ ಸೇರಿದವು: 1983ರಲ್ಲಿ ಜಪಾನಿನಲ್ಲಿ ಬಂದ ಫ್ಯಾಮಿಕಾಮ್, ಹೊರದೇಶಗಳಿಗೆ ಹೋದ ಅದರ ರೂಪ ಎನ್‌ಇಎಸ್, ನಮ್ಮೂರುಗಳಲ್ಲಿ ಟಿವಿ ವಿಡಿಯೋ ಗೇಮ್ ಅಂತ ಮಾರಾಟವಾದ ಅದರ ತದ್ರೂಪುಗಳು. ಮೆಗಾ ಡ್ರೈವ್ ಮತ್ತು ಪ್ಲೇಸ್ಟೇಷನ್ ಬಗೆಗಿನ ಪ್ರಶ್ನೆಗಳು ಕೊನೆಯ ಭಾಗದಲ್ಲಿವೆ.

## ಶುರುವಿನ ಪ್ರಶ್ನೆಗಳು

ಹಳೆ ಮೆಷಿನ್‌ನಲ್ಲಿ ಚಿತ್ರ ಕೆಡ್ತಿತ್ತು, ಎಮ್ಯುಲೇಟರ್‌ನಲ್ಲಿ ಕೆಡಲ್ಲ. ಹಾಗಾದ್ರೆ ಎಮ್ಯುಲೇಟರೇ ಸರಿ ತಾನೇ?

ಹಾಗೆ ಹೇಳಲು ಬರುವುದಿಲ್ಲ. ಚಿತ್ರ ಚೊಕ್ಕವಾಗಿದೆ ಅಂದ ಮಾತ್ರಕ್ಕೆ ಅದು ಆಟ ಬರೆದವರು ಕಂಡ ಚಿತ್ರ ಆಗಿರಬೇಕಿಲ್ಲ. ದೋಷ ಎಲ್ಲಿ ಹುಟ್ಟಿತು ಅನ್ನುವುದನ್ನು ಮೊದಲು ನೋಡಬೇಕು. ಆಟದ ಪ್ರೋಗ್ರಾಂನಲ್ಲೇ ತಪ್ಪಿದ್ದರೆ ಅದು ಎರಡೂ ಕಡೆ ಬರುತ್ತದೆ. ಚಿತ್ರ ಬಿಡಿಸುವ ಚಿಪ್‌ನ ಮಿತಿಯಿಂದ ಬಂದದ್ದಾದರೆ ಅಸಲಿ ಯಂತ್ರದಲ್ಲಿ ಯಾವಾಗಲೂ ಇರುತ್ತದೆ, ನಿಷ್ಠೆಯಿಂದ ಬರೆದ ಎಮ್ಯುಲೇಟರ್‌ನಲ್ಲೂ ಇರಬೇಕು. ಕ್ಯಾಸೆಟ್‌ನ ಕೊಳೆ, ಸಡಿಲ ಸ್ಲಾಟ್, ಕೆಟ್ಟ ಅಡಾಪ್ಟರ್‌ನಿಂದ ಬಂದದ್ದು ಅಸಲಿ ಯಂತ್ರದಲ್ಲಿ ಮಾತ್ರ, ಅದೂ ಒಮ್ಮೊಮ್ಮೆ ಒಂದೊಂದು ಥರ. ಎಮ್ಯುಲೇಟರ್‌ನಲ್ಲಿ ಮಾತ್ರ, ಪ್ರತಿ ಸಲವೂ ಒಂದೇ ಜಾಗದಲ್ಲಿ ಬಂದರೆ ಅನುಮಾನ ಎಮ್ಯುಲೇಟರ್ ಮೇಲೆ ಅಥವಾ ರಾಮ್ (ROM) ಫೈಲ್, ಅಂದರೆ ಕ್ಯಾಸೆಟ್‌ನ ಚಿಪ್ಪಿನಿಂದ ನಕಲು ಮಾಡಿದ ಆಟದ ಫೈಲ್ ಮೇಲೆ.

ಶತ್ರುಗಳು ಜಾಸ್ತಿ ಆದ್ರೆ ಎಲ್ಲರೂ ಮಿಣಮಿಣ ಅಂತ ಮಿನುಗ್ತಾರೆ. ಚಿಪ್ ಹೋಗಿದೆಯಾ?

ಹೋಗಿಲ್ಲ. ಪಿಪಿಯು ಎಂಬ ಚಿತ್ರದ ಚಿಪ್ ಒಟ್ಟು 64 ಸ್ಪ್ರೈಟ್‌ಗಳನ್ನು (ಹಿನ್ನೆಲೆಯ ಮೇಲೆ ಓಡಾಡುವ ಚಿಕ್ಕ ಚಿತ್ರಗಳನ್ನು) ನೆನಪಿಟ್ಟುಕೊಳ್ಳುತ್ತದೆ, ಆದರೆ ಪರದೆಯ ಒಂದು ಅಡ್ಡಗೆರೆಯಲ್ಲಿ ಎಂಟನ್ನು ಮಾತ್ರ ಬಿಡಿಸಬಲ್ಲದು. ಒಂದು ಸ್ಪ್ರೈಟ್‌ನ ಅಗಲ 8 ಪಿಕ್ಸೆಲ್. ಮಾರಿಯೋ ಥರದ 16 ಪಿಕ್ಸೆಲ್ ಅಗಲದ ಪಾತ್ರಕ್ಕೆ ಗೆರೆಗೆ ಎರಡು ಬೇಕು. ಅಂದರೆ ಅಂಥ ನಾಲ್ವರು ಒಂದೇ ಸಾಲಲ್ಲಿ ನಿಂತರೆ ಕೋಟಾ ಮುಗಿಯಿತು. ಐದನೆಯವನು ಬಂದರೆ ಪಟ್ಟಿಯಲ್ಲಿ ಕೊನೆಗಿರುವವರು ಆ ಗೆರೆಯಲ್ಲಿ ಕಾಣುವುದೇ ಇಲ್ಲ. ಪೂರ್ತಿ ಮಾಯವಾಗುವುದಕ್ಕಿಂತ ಮಿನುಗುವುದೇ ವಾಸಿ ಅಂತ ಆಟ ಬರೆದವರು ಪಟ್ಟಿಯ ಕ್ರಮವನ್ನು ಪ್ರತಿ ಫ್ರೇಮಿಗೂ ತಿರುಗಿಸುತ್ತಿದ್ದರು. ಈ ಫ್ರೇಮಿನಲ್ಲಿ ಕಾಣದವನು ಮುಂದಿನ ಫ್ರೇಮಿನಲ್ಲಿ ಕಾಣುತ್ತಾನೆ. ಕಣ್ಣಿಗೆ ಅದು ಮಿನುಗು.

ಎಮ್ಯುಲೇಟರ್‌ನಲ್ಲಿ ‘ಸ್ಪ್ರೈಟ್ ಲಿಮಿಟ್ ತೆಗೆ’ ಅಂತ ಆಪ್ಷನ್ ಇದೆ. ಹಾಕಿಬಿಡ್ಲಾ?

ಒಂದೊಂದು ಆಟಕ್ಕೆ ಬೇಕಿದ್ದರೆ ಹಾಕಿ, ಎಲ್ಲಕ್ಕೂ ಬೇಡ. ಎಂಟರ ಮಿತಿಯನ್ನೇ ಮರೆಯಂತೆ ಬಳಸಿದ ಆಟಗಳಿವೆ. 1987ರ ಕ್ಯಾಸಲ್‌ವೇನಿಯಾ 2ರಲ್ಲಿ ಸೈಮನ್ ಜೌಗಿಗೆ ಇಳಿದಾಗ ಅವನ ಕಾಲು ಮುಳುಗಿದಂತೆ ಕಾಣಬೇಕು. ಅದಕ್ಕೆ ಆ ಗೆರೆಗಳಲ್ಲಿ ಎಂಟು ಖಾಲಿ ಸ್ಪ್ರೈಟ್‌ಗಳನ್ನು ಪಟ್ಟಿಯ ಮುಂದೆ ನಿಲ್ಲಿಸಿ ಕೋಟಾ ತುಂಬಿಸಿಬಿಡುತ್ತಾರೆ, ಕಾಲಿಗೆ ಜಾಗ ಸಿಗುವುದಿಲ್ಲ. ಮಿತಿ ತೆಗೆದರೆ ಸೈಮನ್ ಜೌಗಿನ ಮೇಲೇ ನಡೆದಾಡುತ್ತಾನೆ. ಮೆಸೆನ್ ಎಂಬ ಎಮ್ಯುಲೇಟರ್‌ನಲ್ಲಿ ಮಿತಿ ತೆಗೆಯುವ ಆಯ್ಕೆಯ ಜೊತೆಗೇ, ಬೇಕಾದ ಕಡೆ ತಾನಾಗಿ ಮಿತಿಯನ್ನು ಮತ್ತೆ ಹಾಕುವ ಇನ್ನೊಂದು ಆಯ್ಕೆ ಇದೆ. ಎರಡನ್ನೂ ಒಟ್ಟಿಗೆ ಟಿಕ್ ಮಾಡಿ.

ಮಿನುಗು ಹೋದರೂ ಆಟ ನಿಧಾನವಾಗುವುದು ನಿಲ್ಲುವುದಿಲ್ಲ ಅನ್ನುವುದು ಗಮನದಲ್ಲಿರಲಿ. ಅದರ ಕಾರಣ ಬೇರೆ: ಒಂದು ಫ್ರೇಮಿಗೆ ಸಿಪಿಯುಗೆ ಸಿಗುವುದು ಸುಮಾರು 29,780 ಸೈಕಲ್ (ಕ್ಲಾಕ್‌ನ ಮಿಡಿತ). ಅಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಆಟ ಮುಂದಿನ ಫ್ರೇಮಿನವರೆಗೆ ಕಾಯುತ್ತದೆ.

ಮಾರಿಯೋ 3ರಲ್ಲಿ ಬಲಗಡೆ ಅಂಚಿನ ಬಣ್ಣ ಕಿತ್ತುಹೋದ ಹಾಗೆ ಕಾಣುತ್ತೆ. ರಾಮ್ ಕೆಟ್ಟಿದೆಯಾ?

ರಾಮ್ ಸರಿಯಾಗಿಯೇ ಇದೆ, ಅಸಲಿ ಕ್ಯಾಸೆಟ್‌ನಲ್ಲೂ ಹಾಗೆಯೇ ಕಾಣುತ್ತದೆ. ಹಿನ್ನೆಲೆಯ ನಕ್ಷೆಗೆ ಯಂತ್ರದಲ್ಲಿರುವ ಮೆಮೊರಿ 2 ಕಿಲೋಬೈಟ್, ಅಂದರೆ ಎರಡು ಪರದೆಯಷ್ಟು. ಈ ಆಟ ಮೇಲೆ ಕೆಳಗೂ ಸರಿಯುವುದರಿಂದ ಆ ಎರಡನ್ನು ಒಂದರ ಕೆಳಗೊಂದು ಜೋಡಿಸಿಕೊಂಡಿದೆ. ಹಾಗಾಗಿ ಅಡ್ಡಕ್ಕೆ ಉಳಿದದ್ದು ಒಂದೇ ಪರದೆ, 32 ಕಾಲಂ. ಪಕ್ಕಕ್ಕೆ ಸರಿಯುವಾಗ ಎಡಗಡೆ ಅರ್ಧ ಹೋದ ಕಾಲಂ, ಬಲಗಡೆ ಅರ್ಧ ಬಂದ ಕಾಲಂ ಎರಡೂ ಬೇಕು, ಆದರೆ ಜಾಗ ಒಂದೇ. ಎಡ ಅಂಚಿನ 8 ಪಿಕ್ಸೆಲ್ಲನ್ನು ಮುಚ್ಚಿಟ್ಟು ಟೈಲಿನ (8 × 8 ಪಿಕ್ಸೆಲ್‌ನ ಚಿತ್ರದ ತುಂಡಿನ) ತೊಂದರೆಯನ್ನು ಅಡಗಿಸಿದರು. ಬಣ್ಣವನ್ನು ಮಾತ್ರ 16 ಪಿಕ್ಸೆಲ್ ಚೌಕಕ್ಕೆ ಒಮ್ಮೆಲೇ ಕೊಡಬೇಕು, ಅದಕ್ಕೆ 8 ಪಿಕ್ಸೆಲ್ ಮುಚ್ಚಿದರೆ ಸಾಲದು. ಉಳಿದದ್ದು ಬಲ ಅಂಚಿನಲ್ಲಿ ಇಣುಕುತ್ತದೆ.

ಆಗಿನ ಡಬ್ಬಿ ಟಿವಿಗಳಲ್ಲಿ ಚಿತ್ರದ ಅಂಚು ಚೌಕಟ್ಟಿನ ಹಿಂದೆ ಹೋಗುತ್ತಿದ್ದರಿಂದ ಹೆಚ್ಚಿನವರು ನೋಡಿರಲೇ ಇಲ್ಲ. ಎಮ್ಯುಲೇಟರ್‌ನ ಓವರ್‌ಸ್ಕ್ಯಾನ್ ಸೆಟ್ಟಿಂಗ್‌ನಲ್ಲಿ ನಾಲ್ಕೂ ಕಡೆ 8 ಪಿಕ್ಸೆಲ್ ಕತ್ತರಿಸಿದರೆ ಬಹುಪಾಲು ಮರೆಯಾಗುತ್ತದೆ.

ಚಿಕ್ಕವರಿದ್ದಾಗ ಆಡಿದ ಮಾರಿಯೋ ಇಷ್ಟು ಸ್ಪೀಡ್ ಇರ್ಲಿಲ್ಲ. ಎಮ್ಯುಲೇಟರ್ ಓಡಿಸ್ತಿದೆಯಾ?

ಇಲ್ಲ, ಆಗ ಆಡಿದ್ದೇ ನಿಧಾನವಿದ್ದಿರಬೇಕು. ಅಮೆರಿಕ, ಜಪಾನಿನ ಯಂತ್ರ ಸೆಕೆಂಡಿಗೆ 60.1 ಫ್ರೇಮ್ ಕೊಡುತ್ತದೆ. ಭಾರತದ ಆಗಿನ ಟಿವಿಗಳು ಸೆಕೆಂಡಿಗೆ 50 ಚಿತ್ರ ತೋರಿಸುವ ಪಾಲ್ ಪದ್ಧತಿಯವು. ಪಾಲ್ ಟಿವಿಗೆ ಹೊಂದುವಂತೆ ಮಾಡಿದ ತದ್ರೂಪು ಯಂತ್ರ 50 ಫ್ರೇಮ್ ಕೊಡುತ್ತದೆ, ಅಂದರೆ ಆಟವೂ ಹಾಡೂ ಸುಮಾರು ಶೇ 17ರಷ್ಟು ನಿಧಾನ. ಸ್ವರದ ಎತ್ತರ ಮಾತ್ರ ಹೆಚ್ಚು ಕಡಿಮೆ ಅದೇ, ಯಾಕೆಂದರೆ ಅದರ ಸಿಪಿಯು ವೇಗ 1.773 ಮೆಗಾಹರ್ಟ್ಸ್, ಅಮೆರಿಕದ್ದು 1.790.

ಈ ತದ್ರೂಪಿನ ಸಮಯಲೆಕ್ಕಕ್ಕೆ ಎಮ್ಯುಲೇಟರ್‌ಗಳಲ್ಲಿ ‘ಡೆಂಡಿ’ ಎಂಬ ಹೆಸರಿದೆ. ಅದು ರಷ್ಯಾದಲ್ಲಿ ಮಾರಾಟವಾದ ತದ್ರೂಪಿನ ಹೆಸರು. ಮೆಸೆನ್, ಎಫ್‌ಸಿಇಯುಎಕ್ಸ್ ಎರಡರಲ್ಲೂ ರೀಜನ್ ಆಯ್ಕೆಯಲ್ಲಿ ಸಿಗುತ್ತದೆ. ಬಾಲ್ಯದ ವೇಗ ಬೇಕಿದ್ದರೆ ಅದನ್ನು ಆರಿಸಿ, ಬರೀ ‘ಪಾಲ್’ ಅಲ್ಲ. ಯುರೋಪಿನ ಅಸಲಿ ಪಾಲ್ ಯಂತ್ರದಲ್ಲಿ ಸಿಪಿಯುವಿನ ಒಂದು ಸೈಕಲ್‌ಗೆ ಚಿತ್ರದ 3.2 ಚುಕ್ಕಿ ಓಡುತ್ತದೆ, ಅಮೆರಿಕದ್ದರಲ್ಲೂ ಡೆಂಡಿಯಲ್ಲೂ ಸರಿಯಾಗಿ 3. ಅಮೆರಿಕದ ಆಟವನ್ನು ಪಾಲ್‌ನಲ್ಲಿ ಓಡಿಸಿದರೆ ಪರದೆಯ ನಡುವೆ ಲೆಕ್ಕ ಹಾಕಿ ಮಾಡುವ ಕಸರತ್ತುಗಳು ಜಾಗ ತಪ್ಪುತ್ತವೆ. ಡೆಂಡಿ ಮಾದರಿ ಇಂಥ ಆಟಗಳು ಕೆಡದಿರಲಿ ಎಂಬಂತೆ ಕೂಡಿಬಂದಿದೆ. ನಕಲು ಮಾಡಿದವರು ಈ ಒಂದು ವಿಷಯದಲ್ಲಿ ಅಸಲಿಯವರಿಗಿಂತ ಜಾಣರು.

## ಕ್ಯಾಸೆಟ್, ಸ್ಲಾಟ್, ಅಡಾಪ್ಟರ್, ಟಿವಿ

ಕ್ಯಾಸೆಟ್ ಬಾಯಿಗೆ ಊದಿದ್ರೆ ಸರಿಹೋಗುತ್ತಲ್ಲ, ಮತ್ಯಾಕೆ ಬೇಡ ಅಂತೀರಿ?

ಸರಿಹೋಗುವುದು ಊದಿದ್ದರಿಂದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ. ಹಾಕುವಾಗ ಪಿನ್ನುಗಳು ಉಜ್ಜಿ ಹೊಸ ಜಾಗದಲ್ಲಿ ಕೂರುತ್ತವೆ. ಉಸಿರಿನ ತೇವ ತಾಮ್ರಕ್ಕೆ ಹಸಿರು ಹಿಡಿಸುತ್ತದೆ.

ಮೊಬೈಲ್ ರಿಪೇರಿ ಅಂಗಡಿಗಳಿಗೆ ಸಾಮಾನು ಕೊಡುವವರಲ್ಲಿ ಐಪಿಎ ಅಂತ ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಗುತ್ತದೆ. ಶೇ 90ಕ್ಕಿಂತ ಮೇಲಿನದು ತೆಗೆದುಕೊಳ್ಳಿ, ಗಾಯಕ್ಕೆ ಹಚ್ಚುವ ಶೇ 70ರದರಲ್ಲಿ ನೀರು ಹೆಚ್ಚು. ಹತ್ತಿಕಡ್ಡಿ ಅದ್ದಿ, ಪಿನ್ನಿನ ಉದ್ದಕ್ಕೆ, ಅಂದರೆ ಒಳಗಿಂದ ಅಂಚಿನ ಕಡೆಗೆ ಎಳೆಯಿರಿ. ಅಡ್ಡಕ್ಕೆ ಉಜ್ಜಿದರೆ ಹತ್ತಿಯ ಎಳೆ ಪಿನ್ನುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕಡ್ಡಿ ಕಪ್ಪಾಗುವುದು ನಿಲ್ಲುವವರೆಗೆ ಬದಲಾಯಿಸುತ್ತಾ ಹೋಗಿ, ಎರಡೂ ಬದಿ. ಐದು ನಿಮಿಷ ಒಣಗಲು ಬಿಡಿ. ಸ್ಲಾಟಿಗೆ, ಹಳೆ ಎಟಿಎಂ ಕಾರ್ಡಿಗೆ ತೆಳು ಬಟ್ಟೆ ಸುತ್ತಿ ಐಪಿಎ ತೇವ ಮಾಡಿ ನಾಲ್ಕೈದು ಸಲ ಒಳಹೊರಗೆ ಆಡಿಸಿ, ಪವರ್ ತೆಗೆದಿರಬೇಕು. ಎರೇಸರ್ ಕೊನೆಯ ಉಪಾಯ. ಅಗ್ಗದ ಕ್ಯಾಸೆಟ್‌ನ ಲೇಪ ತುಂಬಾ ತೆಳು, ನಾಲ್ಕು ಸಲ ಉಜ್ಜಿದರೆ ಕೆಳಗಿನ ತಾಮ್ರ ಕಾಣುತ್ತದೆ.

ಅಸಲಿ ಎನ್‌ಇಎಸ್ ಸೆಕೆಂಡಿಗೊಮ್ಮೆ ಹತ್ತಿ ಆರುತ್ತಿದ್ದರೆ ಅದು ಚಿತ್ರದೋಷ ಅಲ್ಲ. ಕ್ಯಾಸೆಟ್ ಅಸಲಿಯೇ ಅಂತ ನೋಡುವ ಬೀಗದ ಚಿಪ್ ಯಂತ್ರದಲ್ಲಿದೆ, ಕ್ಯಾಸೆಟ್‌ನ ಜೋಡಿ ಚಿಪ್ ಅದರೊಂದಿಗೆ ಮಾತಾಡದ್ದರಿಂದ ಅದು ಯಂತ್ರವನ್ನು ರೀಸೆಟ್ ಮಾಡುತ್ತಿದೆ. ಅದೂ 72 ಪಿನ್ನಿನ ಕನೆಕ್ಟರ್ ಸಡಿಲವಾದ ಲಕ್ಷಣವೇ. ಫ್ಯಾಮಿಕಾಮ್‌ಗೂ ನಮ್ಮ 60 ಪಿನ್ನಿನ ತದ್ರೂಪುಗಳಿಗೂ ಈ ಬೀಗ ಇಲ್ಲ.

ಸಂಗೀತ ಸರಿಯಾಗಿ ಬರುತ್ತೆ, ಆಟಾನೂ ನಡೀತಿದೆ, ಚಿತ್ರ ಮಾತ್ರ ಕಸ. ಯಾವ ಪಿನ್ ಅಂತ ಕಂಡುಹಿಡಿಯೋಕಾಗುತ್ತಾ?

ಆಗುತ್ತದೆ, ಬಹಳ ಸಲ ಪರದೆಯೇ ಪಿನ್ನಿನ ಹೆಸರು ಹೇಳುತ್ತದೆ. ಕ್ಯಾಸೆಟ್‌ನಲ್ಲಿ ಪ್ರೋಗ್ರಾಂ ಒಂದು ರಾಮ್‌ನಲ್ಲಿ, ಚಿತ್ರ ಇನ್ನೊಂದರಲ್ಲಿ, ಎರಡಕ್ಕೂ ಬೇರೆ ಬೇರೆ ತಂತಿಗಳು. ಸಂಗೀತ ನಡೆಯುತ್ತಿದೆ ಅಂದರೆ ಪ್ರೋಗ್ರಾಂ ಕಡೆ ಕ್ಷೇಮ. ಪ್ರೋಗ್ರಾಂ ಕಡೆಯ ಪಿನ್ ಕೈಕೊಟ್ಟರೆ ಒಂದೇ ಬಣ್ಣದ ಪರದೆ ಬಂದು ಸುಮ್ಮನೆ ನಿಲ್ಲುತ್ತದೆ.

ಈಗ ಒಂದು ಟೈಲನ್ನು ಹತ್ತಿರದಿಂದ ನೋಡಿ. ಅದು 8 × 8 ಪಿಕ್ಸೆಲ್, 16 ಬೈಟ್. ಒಂದು ಬೈಟ್‌ನ ಎಂಟು ಬಿಟ್ ಅಂದರೆ ಒಂದು ಸಾಲಿನ ಎಂಟು ಪಿಕ್ಸೆಲ್: ಡಿ7 ಎಡತುದಿ, ಡಿ0 ಬಲತುದಿ. ಹಾಗಾಗಿ ಒಂದು ಡೇಟಾ ತಂತಿ ಬಿಟ್ಟುಹೋದರೆ ಪರದೆಯ ಪ್ರತಿ ಟೈಲಿನಲ್ಲೂ ಒಂದೇ ಕಾಲಮ್ಮಿನಲ್ಲಿ ಗೆರೆ ಬೀಳುತ್ತದೆ, 8 ಪಿಕ್ಸೆಲ್‌ಗೊಂದರಂತೆ ಸಾಲಾಗಿ. ಖಚಿತ ಮಾಡಿಕೊಳ್ಳಲು ಮಾರಿಯೋನನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ. ಚಿತ್ರ ತಿರುಗಿಸುವುದು ಪಿಪಿಯು ಒಳಗೆ, ಓದಿದ ಮೇಲೆ, ಆದ್ದರಿಂದ ಅವನ ಮೈಮೇಲಿನ ಗೆರೆಯೂ ಕನ್ನಡಿಯಲ್ಲಿನಂತೆ ಆಚೆಗೆ ಹೋಗುತ್ತದೆ, ಹಿನ್ನೆಲೆಯ ಗೆರೆ ಇದ್ದಲ್ಲೇ ಇರುತ್ತದೆ.

ವಿಳಾಸದ ತಂತಿಗಳಿಗೂ ಒಂದೊಂದು ಗುರುತಿದೆ. ಎ0, ಎ1, ಎ2 ಟೈಲಿನೊಳಗಿನ ಸಾಲನ್ನು ಆರಿಸುತ್ತವೆ. ಅವುಗಳಲ್ಲೊಂದು ಅಂಟಿಕೊಂಡರೆ ಕೆಲವು ಸಾಲು ಎರಡೆರಡು ಸಲ ಬಂದು ಅಕ್ಷರಗಳು ಜಜ್ಜಿದಂತೆ ಕಾಣುತ್ತವೆ. ಎ3 ಎರಡು ಬಣ್ಣ ಪದರಗಳ ನಡುವೆ ಆರಿಸುವುದು. ಅದು ಹೋದರೆ ಎರಡೂ ಪದರ ಒಂದೇ ಆಗಿ ನಾಲ್ಕು ಬಣ್ಣದ ಜಾಗದಲ್ಲಿ ಎರಡೇ ಉಳಿಯುತ್ತವೆ, ಆಕಾರ ಅಷ್ಟಾಗಿ ಕೆಡುವುದಿಲ್ಲ. ಎ4ರಿಂದ ಎ11 ಟೈಲಿನ ಸಂಖ್ಯೆ: ಆಕಾರಗಳು ಚೊಕ್ಕವಾಗಿದ್ದು, ಇಟ್ಟಿಗೆಯ ಜಾಗದಲ್ಲಿ ಮೋಡ ಕೂತರೆ ಇಲ್ಲಿ ಹುಡುಕಿ. ಎ12 ಹೋದರೆ ಹಿನ್ನೆಲೆಗೆ ಪಾತ್ರಗಳ ಚೂರುಗಳು ಬರುತ್ತವೆ, ಅಥವಾ ಪಾತ್ರಗಳಿಗೆ ಹಿನ್ನೆಲೆಯ ಚೂರು.

ಪಾತ್ರಗಳು ಸರಿಯಿದ್ದು ಹಿನ್ನೆಲೆ ಮಾತ್ರ ಕೆಟ್ಟಿದ್ದರೆ ಚಿತ್ರದ ರಾಮ್ ಬಿಟ್ಟು ಹಿನ್ನೆಲೆ ನಕ್ಷೆಯ ಮೆಮೊರಿ ಕಡೆ ನೋಡಬೇಕು. ಎಲ್ಲ ಕ್ಯಾಸೆಟ್‌ಗಳಲ್ಲೂ ಹಾಗೇ ಬಂದರೆ ಯಂತ್ರದೊಳಗಿನ 2 ಕಿಲೋಬೈಟ್ ಚಿಪ್, ಒಂದೇ ಕ್ಯಾಸೆಟ್‌ನಲ್ಲಿ ಬಂದರೆ ಅದರ ಮಿರರಿಂಗ್ ತಂತಿ, ಅಂದರೆ ಹಿನ್ನೆಲೆಯ ಎರಡು ಪರದೆಗಳನ್ನು ಅಕ್ಕಪಕ್ಕ ಜೋಡಿಸಬೇಕೋ ಒಂದರ ಕೆಳಗೊಂದೋ ಅಂತ ಹೇಳುವ ತಂತಿ. ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ಅಂಚಿನ ಪಿನ್ನಿನಿಂದ ಚಿಪ್ಪಿನ ಕಾಲಿನವರೆಗೆ ಒಂದೊಂದೇ ಪರೀಕ್ಷಿಸಿ. ಕಪ್ಪು ಅಂಟಿನ ಬೊಟ್ಟು ಇಟ್ಟ ಬೋರ್ಡ್ ಆದರೆ ಬೊಟ್ಟಿನವರೆಗಿನ ದಾರಿಯನ್ನಷ್ಟೇ ನೋಡಬಹುದು. ಅದರೊಳಗೆ ಕೆಟ್ಟಿದ್ದರೆ ರಿಪೇರಿ ಇಲ್ಲ.

ಪರದೆ ಮೇಲೆ ಅಡ್ಡಕ್ಕೆ ಮಸುಕಾದ ಪಟ್ಟಿ ತೇಲಾಡ್ತಾ ಇರುತ್ತೆ. ಉದ್ದುದ್ದ ಗೆರೆಗಳೂ ಇವೆ.

ಎರಡರ ಕಾರಣ ಬೇರೆ ಬೇರೆ. ಅಡ್ಡಪಟ್ಟಿ ಪವರ್‌ನಿಂದ ಬರುವುದು. ಕರೆಂಟಿನ 50 ಹರ್ಟ್ಸ್, ಎಸಿಯನ್ನು ಡಿಸಿ ಮಾಡುವ ಬ್ರಿಜ್ ದಾಟಿದ ಮೇಲೆ 100 ಹರ್ಟ್ಸ್ ಅಲೆಯಾಗುತ್ತದೆ, ಅದನ್ನು ಸಮ ಮಾಡಬೇಕಾದ ದೊಡ್ಡ ಕೆಪಾಸಿಟರ್ ಒಣಗಿದೆ. 50 ಫ್ರೇಮಿನ ಯಂತ್ರದಲ್ಲಿ ಎರಡು ಪಟ್ಟಿ ಬಹುತೇಕ ನಿಂತಲ್ಲೇ ನಿಂತು ಮೆಲ್ಲಗೆ ತೆವಳುತ್ತವೆ, 60ರ ಯಂತ್ರದಲ್ಲಿ ಸರಸರ ಓಡುತ್ತವೆ. ರೆಗ್ಯುಲೇಟರ್ 7805ರ ಹೊರಗಾಲಿನಲ್ಲಿ ಆಟ ನಡೆಯುತ್ತಿರುವಾಗ 4.75ರಿಂದ 5.25 ವೋಲ್ಟ್ ಇರಬೇಕು. ಮೊದಲು ಬೇರೆ ಅಡಾಪ್ಟರ್ ಹಾಕಿ ನೋಡಿ. ಹಾಕುವ ಮುಂಚೆ ಧ್ರುವ ನೋಡಿಕೊಳ್ಳಿ: ಅಸಲಿ ಫ್ಯಾಮಿಕಾಮ್‌ಗೆ 10 ವೋಲ್ಟ್ ಡಿಸಿ, ನಡುಪಿನ್ ಮೈನಸ್. ಅಮೆರಿಕದ ಎನ್‌ಇಎಸ್ ಅಡಾಪ್ಟರ್ 9 ವೋಲ್ಟ್ ಎಸಿ ಕೊಡುತ್ತದೆ, ಅದನ್ನು ಫ್ಯಾಮಿಕಾಮ್‌ಗೆ ಚುಚ್ಚಿದರೆ ಯಂತ್ರ ಸುಟ್ಟೀತು. ಅದೂ ಅಲ್ಲದೆ ಆ ಅಡಾಪ್ಟರ್ 120 ವೋಲ್ಟ್ ಗೋಡೆ ಪ್ಲಗ್ಗಿನದು, ನಮ್ಮ 230ಕ್ಕೆ ನೇರ ಹಾಕಬಾರದು.

ಉದ್ದಗೆರೆಗಳು ಬೋರ್ಡಿನ ವಿನ್ಯಾಸದ್ದೇ ದೋಷ. ಚಿತ್ರದ ತಂತಿಯ ಪಕ್ಕದಲ್ಲಿ ಕ್ಲಾಕ್, ವಿಳಾಸದ ತಂತಿಗಳು ಹಾಯುವುದರಿಂದ ಅವುಗಳ ಸದ್ದು ಚಿತ್ರದೊಳಗೆ ಇಳಿಯುತ್ತದೆ. ಪಿಪಿಯು ಚಿಪ್ಪಿನ ಚಿತ್ರದ ಕಾಲನ್ನು ಬೋರ್ಡಿನಿಂದ ಬಿಡಿಸಿ, ಅಲ್ಲಿಂದಲೇ ಪುಟ್ಟ ಆಂಪ್ಲಿಫೈಯರ್‌ಗೆ ತಂತಿ ಎಳೆದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದು ಅಪರೂಪ.

ಎಲ್‌ಇಡಿ ಟಿವಿಯಲ್ಲಿ ಏಟು ತಿಂದ ಪಾತ್ರ ಮಿನುಗೋ ಬದಲು ಬಾಚಣಿಗೆ ಥರ ಗೆರೆಗೆರೆ ಆಗುತ್ತೆ.

ಯಂತ್ರ ಕೊಡುವುದು 240 ಗೆರೆಯ ಪ್ರೋಗ್ರೆಸಿವ್ ಚಿತ್ರ, ಅಂದರೆ ಪ್ರತಿ ಫ್ರೇಮೂ ತಾನೇ ಪೂರ್ತಿ ಚಿತ್ರ. ಹೊಸ ಟಿವಿಗಳಲ್ಲಿ ಬಹಳಷ್ಟು ಅದನ್ನು 480 ಗೆರೆಯ ಇಂಟರ್‌ಲೇಸ್ ಅಂದುಕೊಂಡು, ಎರಡು ಫ್ರೇಮುಗಳನ್ನು ಬೆಸ ಸಮ ಗೆರೆಗಳಾಗಿ ಹೆಣೆಯುತ್ತವೆ. ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಕಾಣುವ ಪಾತ್ರ ಆಗ ಗೆರೆ ಬಿಟ್ಟು ಗೆರೆಯಲ್ಲಿ ಕೂರುತ್ತದೆ. ಕೆಲವು ಟಿವಿಗಳು ಒಂದು ಫ್ರೇಮನ್ನು ಎಸೆದೇಬಿಡುತ್ತವೆ, ಪಾತ್ರ ಪೂರ್ತಿ ಮಾಯ. ಟಿವಿಯ ಗೇಮ್ ಮೋಡ್ ವಿಳಂಬವನ್ನು ಕಡಿಮೆ ಮಾಡುತ್ತದೆ, ಈ ಹೆಣಿಗೆಯನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. 240 ಗೆರೆಯನ್ನು ಗುರುತಿಸುವ, ಹಳದಿ ಪಿನ್ನಿನ ಕಾಂಪೊಸಿಟ್ ಒಳಹರಿವು ಇರುವ ರೆಟ್ರೊಟಿಂಕ್ ಥರದ ಸ್ಕೇಲರ್ ಬೇಕು. ಅಗ್ಗದ ಎವಿ-ಎಚ್‌ಡಿಎಂಐ ಡಬ್ಬಿಗಳು ಟಿವಿ ಮಾಡುವ ತಪ್ಪನ್ನೇ ಮಾಡುತ್ತವೆ, ಅದಕ್ಕೆ ದುಡ್ಡು ಹಾಕಬೇಡಿ.

ಬಾತುಕೋಳಿ ಹೊಡೆಯೋ ಗನ್ ಈಗಿನ ಟಿವಿಯಲ್ಲಿ ಯಾಕೆ ನಡೆಯಲ್ಲ?

ಗನ್ ಏನನ್ನೂ ಹಾರಿಸುವುದಿಲ್ಲ, ಬೆಳಕನ್ನು ನೋಡುತ್ತದೆ. ಟ್ರಿಗರ್ ಒತ್ತಿದೊಡನೆ ಆಟ ಪರದೆಯನ್ನು ಕಪ್ಪು ಮಾಡಿ, ಮುಂದಿನ ಫ್ರೇಮುಗಳಲ್ಲಿ ಒಂದೊಂದು ಬಾತುಕೋಳಿಯ ಜಾಗಕ್ಕೆ ಬಿಳಿ ಚೌಕ ಹಾಕುತ್ತದೆ. ಬಿಳಿ ಕಂಡದ್ದು ಯಾವ ಫ್ರೇಮಿನಲ್ಲಿ ಅನ್ನುವುದರಿಂದ ಯಾವ ಹಕ್ಕಿ ಅಂತ ತಿಳಿಯುತ್ತದೆ. ಎಲ್‌ಇಡಿ ಟಿವಿ ಚಿತ್ರ ತೋರಿಸುವಷ್ಟರಲ್ಲಿ ಆ ಫ್ರೇಮುಗಳು ಕಳೆದುಹೋಗಿರುತ್ತವೆ. ಜೊತೆಗೆ ಅಸಲಿ ಗನ್ನಿನ ಸರ್ಕ್ಯೂಟ್ ಡಬ್ಬಿ ಟಿವಿಯ ಸುಮಾರು 15 ಕಿಲೋಹರ್ಟ್ಸ್ ಮಿಡಿತಕ್ಕೇ ಸ್ಪಂದಿಸುತ್ತದೆ. ಎಮ್ಯುಲೇಟರ್‌ನಲ್ಲಿ ಮೌಸ್ ಬಳಸಿ.

## ಎಮ್ಯುಲೇಟರ್ ಮತ್ತು ರಾಮ್ ಫೈಲ್

ಒಂದೇ ಆಟ, ಒಂದು ಫೈಲಲ್ಲಿ ಸರಿ ಇದೆ, ಇನ್ನೊಂದರಲ್ಲಿ ಬರೀ ಕಸ ಟೈಲ್. ಹೇಗೆ?

ಫೈಲಿನ ಮೊದಲ 16 ಬೈಟ್ ಆಟದ್ದಲ್ಲ, ಕ್ಯಾಸೆಟ್‌ನ ಬೋರ್ಡ್ ಹೇಗಿತ್ತು ಅಂತ ಎಮ್ಯುಲೇಟರ್‌ಗೆ ಹೇಳುವ ಚೀಟಿ. ಅದರಲ್ಲಿ ತಪ್ಪಿದ್ದರೆ ಎಮ್ಯುಲೇಟರ್ ತಪ್ಪು ಬೋರ್ಡನ್ನು ಅನುಕರಿಸುತ್ತದೆ. ತುಂಬಾ ಹಳೆಯ ಫೈಲುಗಳಲ್ಲಿ ಒಂದು ಕುಖ್ಯಾತ ಕಸವಿದೆ: ಸೊನ್ನೆಯಿಂದ ಎಣಿಸಿದರೆ 7ರಿಂದ 15ರವರೆಗಿನ ಬೈಟ್‌ಗಳಲ್ಲಿ ಒಂದು ಹಳೆ ಸಾಫ್ಟ್‌ವೇರ್ ‘ಡಿಸ್ಕ್‌ಡ್ಯೂಡ್!’ ಅಂತ ತನ್ನ ಸಹಿ ಹಾಕಿಟ್ಟಿರುತ್ತದೆ. 7ನೇ ಬೈಟ್‌ನ ಮೇಲರ್ಧ ಮ್ಯಾಪರ್ ಸಂಖ್ಯೆಯ, ಅಂದರೆ ಕ್ಯಾಸೆಟ್ ಬೋರ್ಡಿನ ಬಗೆಯನ್ನು ಹೇಳುವ ಅಂಕಿಯ ಭಾಗ. ಸಹಿಯ ಮೊದಲ ಅಕ್ಷರದ ಬೆಲೆ ಹೆಕ್ಸ್‌ನಲ್ಲಿ (16ರ ಲೆಕ್ಕದಲ್ಲಿ) 44, ಹಾಗಾಗಿ ಮ್ಯಾಪರ್‌ಗೆ 64 ಸೇರಿಕೊಳ್ಳುತ್ತದೆ. 1 ಇದ್ದದ್ದು 65, 4 ಇದ್ದದ್ದು 68.

ಫೈಲಿನ ಪ್ರತಿ ಮಾಡಿಟ್ಟುಕೊಂಡು ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಮೊದಲ ನಾಲ್ಕು ಬೈಟ್ 4ಇ 45 53 1ಎ ಇರಬೇಕು. ಸಹಿ ಕಂಡರೆ ಆ ಒಂಬತ್ತೂ ಬೈಟ್‌ಗೆ 00 ಬರೆದು ಉಳಿಸಿ. ಮ್ಯಾಪರ್ 15ಕ್ಕಿಂತ ದೊಡ್ಡದಾಗಿರುವ ಆಟಗಳಿಗೆ 7ನೇ ಬೈಟ್‌ನಲ್ಲಿ ನಿಜವಾದ ಬೆಲೆ ಇರಬೇಕು, ಸೊನ್ನೆ ಮಾಡುವ ಮುಂಚೆ ಅದು ಯಾವ ಮ್ಯಾಪರ್ ಅಂತ ನೋಡಿ.

6ನೇ ಬೈಟ್‌ನ ಕೊನೆಯ ಬಿಟ್ ಮಿರರಿಂಗ್. ಮೊದಲ ಸೂಪರ್ ಮಾರಿಯೋಗೆ ಸರಿಯಾದ ಸಾಲು, ಗುರುತಿನ ನಾಲ್ಕು ಬೈಟ್ ಆದ ಮೇಲೆ, 02 01 01 00: ಪ್ರೋಗ್ರಾಂ 32 ಕಿಲೋಬೈಟ್, ಚಿತ್ರ 8 ಕಿಲೋಬೈಟ್, ಮಿರರಿಂಗ್ ಲಂಬ. ಆ ಬಿಟ್ ತಪ್ಪಿದರೆ ಮುಂದೆ ಬರಬೇಕಾದ ಪೈಪು, ಇಟ್ಟಿಗೆಗಳು ಈಗಿನ ಪರದೆಯ ಮೇಲೇ ಬಂದು ಬೀಳುತ್ತವೆ.

ಒಬ್ಬೊಬ್ಬರ ಸ್ಕ್ರೀನಲ್ಲಿ ಮಾರಿಯೋ ಆಕಾಶ ಒಂದೊಂದು ಬಣ್ಣ. ಯಾವುದು ನಿಜ?

ನೀಲಿಯೂ ನಿಜ, ನೇರಳೆಯೂ ನಿಜ. ಪಿಪಿಯು ಒಳಗೆ ಕೆಂಪು ಹಸಿರು ನೀಲಿಯ ಅಂಕಿಗಳೇ ಇಲ್ಲ. 64 ಬಣ್ಣ ಸಂಕೇತಗಳಿಗೆ ಅದು ನೇರವಾಗಿ ಟಿವಿ ಸಿಗ್ನಲ್ ಹೊರಡಿಸುತ್ತದೆ, ಅದನ್ನು ಬಣ್ಣವಾಗಿಸುವುದು ಟಿವಿಯ ಕೆಲಸ. ಟಿಂಟ್ ಗುಬ್ಬಿ ತಿರುಗಿಸಿದರೆ ಆಕಾಶ ಬದಲಾಗುತ್ತಿತ್ತು. ಎಮ್ಯುಲೇಟರ್ ಬಳಸುವ ಪ್ಯಾಲೆಟ್ ಫೈಲ್ ಯಾರೋ ಒಬ್ಬರು ಅಳೆದು ಅಥವಾ ಅಂದಾಜಿಸಿ ಬರೆದದ್ದು. 64 ಬಣ್ಣಕ್ಕೆ ಮೂರು ಬೈಟ್‌ನಂತೆ 192 ಬೈಟ್ ಅಷ್ಟೇ. ನಿಮ್ಮ ಟಿವಿಯಲ್ಲಿ ಕಂಡದ್ದಕ್ಕೆ ಹತ್ತಿರದ್ದನ್ನು ಆರಿಸಿ, ಇದರ ಮೇಲೆ ವಾದ ಮಾಡಿ ಗೆದ್ದವರಿಲ್ಲ.

ಓಡುವಾಗ ಪಿಕ್ಸೆಲ್‌ಗಳು ದಪ್ಪ ಸಣ್ಣ ಆಗ್ತಾ ಅಲೆ ಥರ ಕಾಣುತ್ತೆ.

ಹಿಗ್ಗಿಸುವ ಲೆಕ್ಕ ಪೂರ್ಣಾಂಕ ಅಲ್ಲದ್ದರಿಂದ ಹಾಗೆ. 256 × 240 ಚಿತ್ರವನ್ನು 4 ಪಟ್ಟು ಮಾಡಿದರೆ ಎತ್ತರ 960. 1080ರ ಪರದೆಯಲ್ಲಿ ಮೇಲೆ ಕೆಳಗೆ 60 ಗೆರೆ ಕಪ್ಪು ಉಳಿಯಲಿ. ಆದರೆ ಅಸಲಿ ಪಿಕ್ಸೆಲ್ ಚೌಕವಲ್ಲ, 8:7 ಅಗಲ. ಆ ಅನುಪಾತಕ್ಕೆ ಅಗಲ 1170 ಆಗಬೇಕು, ಅಂದರೆ 4.57 ಪಟ್ಟು. ಹಾಗಾಗಿ ಕೆಲವು ಕಾಲಂ 4, ಕೆಲವು 5 ಪಿಕ್ಸೆಲ್. ಎಮ್ಯುಲೇಟರ್‌ಗಳನ್ನು ಓಡಿಸುವ ರೆಟ್ರೊಆರ್ಚ್‌ನಲ್ಲಿ ‘ಶಾರ್ಪ್ ಬೈಲಿನಿಯರ್’ ಶೇಡರ್ (ಚಿತ್ರದ ಫಿಲ್ಟರ್) ಹಾಕಿದರೆ ಅಂಚು ಸ್ವಲ್ಪವೇ ಮಬ್ಬಾಗಿ ಅಲೆ ನಿಲ್ಲುತ್ತದೆ.

ಮಾರಿಯೋ ಶುರುವಾಗೋ ಮುಂಚೆಯೇ ನಿಂತುಬಿಡುತ್ತೆ. ಬ್ಯಾಟಲ್‌ಟೋಡ್ಸ್ ಎರಡನೇ ಹಂತದಲ್ಲಿ ಹ್ಯಾಂಗ್. ಇವೆರಡಕ್ಕೂ ಸಂಬಂಧ ಇದೆಯಾ?

ಇದೆ. ಮಾರಿಯೋದಲ್ಲಿ ಮೇಲಿನ ಅಂಕಪಟ್ಟಿ ನಿಂತಿರುತ್ತದೆ, ಕೆಳಗಿನದು ಸರಿಯುತ್ತದೆ. ಪಿಪಿಯುಗೆ ಪರದೆ ಭಾಗ ಮಾಡುವುದು ಗೊತ್ತಿಲ್ಲ. ಅದಕ್ಕೆ 0ನೇ ಸ್ಪ್ರೈಟನ್ನು, ಅಂದರೆ ಪಟ್ಟಿಯ ಮೊದಲನೆಯದನ್ನು, ಅಂಕಪಟ್ಟಿಯ ನಾಣ್ಯದ ತಳದ ಹಿಂದೆ ಬಚ್ಚಿಟ್ಟಿದ್ದಾರೆ. ಅದರ ಚುಕ್ಕಿ ಹಿನ್ನೆಲೆಯ ಚುಕ್ಕಿಗೆ ತಾಗಿದ ಕ್ಷಣ ಪಿಪಿಯು ಒಂದು ಬಾವುಟ ಎತ್ತುತ್ತದೆ, ಆಟ ಅದನ್ನೇ ಕಾಯುತ್ತಿದ್ದು ಆಗ ಸ್ಕ್ರೋಲ್ ಬದಲಿಸುತ್ತದೆ. ಬಾವುಟ ಏಳದಿದ್ದರೆ ಕಾಯುವುದು ಮುಗಿಯುವುದೇ ಇಲ್ಲ. ಅಸಲಿ ಯಂತ್ರದಲ್ಲೂ ಚಿತ್ರದ ಪಿನ್ ಕೊಳೆಯಾಗಿ ನಾಣ್ಯದ ಟೈಲ್ ಖಾಲಿ ಓದಿಬಂದರೆ ಆಟ ಹೀಗೇ ನಿಲ್ಲುತ್ತದೆ. ಚಿತ್ರದ ದೋಷದಿಂದ ಆಟವೇ ನಿಲ್ಲುವ ಅಪರೂಪದ ಪ್ರಸಂಗ ಇದು.

1991ರ ಬ್ಯಾಟಲ್‌ಟೋಡ್ಸ್ ಇದನ್ನೇ ಇನ್ನೂ ಅಂಚಿಗೆ ಒಯ್ಯುತ್ತದೆ. ಪಾತ್ರಗಳ ಚಿತ್ರವನ್ನು ಪ್ರತಿ ಫ್ರೇಮಿಗೂ ಮೆಮೊರಿಗೆ ತುಂಬಲು ಪರದೆ ಬಿಡಿಸುವುದನ್ನೇ ತಡಮಾಡುತ್ತದೆ. ಸಿಪಿಯು ಪಿಪಿಯು ನಡುವಿನ ಲೆಕ್ಕ ಕೆಲವೇ ಸೈಕಲ್ ತಪ್ಪಿದರೂ ಬಾವುಟ ಕೈತಪ್ಪುತ್ತದೆ. ಹಳೆ ನೆಸ್ಟಿಕಲ್ ಕಾಲದ ಎಮ್ಯುಲೇಟರ್ ಬಿಟ್ಟು ಮೆಸೆನ್ ಬಳಸಿ.

## ಆಳಕ್ಕೆ ಇಳಿಯುವವರಿಗೆ

ಮೊದಲ ಸೂಪರ್ ಮಾರಿಯೋದ ‘ಮೈನಸ್ 1’ ಲೋಕ ಕ್ಯಾಸೆಟ್ ಕೆಟ್ಟಿದ್ದರಿಂದ ಬರುತ್ತಂತೆ, ಹೌದಾ?

ಅಲ್ಲ, ಅದು ಪ್ರೋಗ್ರಾಂನದೇ ತಪ್ಪು, ಎಲ್ಲ ಕಡೆ ಒಂದೇ ಥರ ಬರುತ್ತದೆ. 1-2ರ ಕೊನೆಯಲ್ಲಿ ಗೋಡೆಯೊಳಗಿಂದ ನುಸುಳಿ ವಾರ್ಪ್ ಕೋಣೆಗೆ (ಪೈಪಿನಿಂದ ಬೇರೆ ಲೋಕಕ್ಕೆ ಹಾರುವ ಕೋಣೆಗೆ) ಹೋದರೆ, ಆ ಕೋಣೆಯ ಪೈಪುಗಳ ಪಟ್ಟಿ ಇನ್ನೂ ತುಂಬಿರುವುದಿಲ್ಲ. ಆಟ 4-2ರ ಕೋಣೆಯ ಪಟ್ಟಿಯನ್ನು ಓದುತ್ತದೆ. ಅಲ್ಲಿ ಪೈಪು ಒಂದೇ ಆದ್ದರಿಂದ ಪಟ್ಟಿ ಹೀಗಿದೆ: 36, 5, 36. ಇಲ್ಲಿ 36 ಅಂದರೆ ಖಾಲಿ ಟೈಲು, ಪೈಪಿನ ಮೇಲೆ ಅಂಕಿ ಕಾಣದಿರಲಿ ಅಂತ ಇಟ್ಟದ್ದು. ಎಡ ಪೈಪಿಗೆ ಇಳಿದರೆ 36ನೇ ಲೋಕಕ್ಕೆ ಹೋಗುತ್ತೀರಿ. ಪರದೆಯಲ್ಲಿ 36ರ ಜಾಗ ಖಾಲಿ ಕಂಡು ‘-1’ ಉಳಿಯುತ್ತದೆ.

ಮಾರಿಯೋ 3ರ ಕೆಳಗಿನ ಅಂಕಪಟ್ಟಿಯ ಅಂಚು ನಡುಗುತ್ತೆ. ನಕಲಿ ಕ್ಯಾಸೆಟ್‌ನಲ್ಲಿ ಇನ್ನೂ ಜಾಸ್ತಿ.

ಇಲ್ಲಿ ಗೆರೆ ಎಣಿಸುವುದು ಕ್ಯಾಸೆಟ್‌ನೊಳಗಿನ ಎಂಎಂಸಿ3 ಚಿಪ್. ಪಿಪಿಯುವಿನ ಎ12 ತಂತಿ ಗೆರೆಗೊಮ್ಮೆ ಏರುವುದನ್ನು ಎಣಿಸಿ, ಹೇಳಿದ ಗೆರೆ ಬಂದಾಗ ಸಿಪಿಯುವನ್ನು ಎಬ್ಬಿಸುತ್ತದೆ. ಸಿಪಿಯು ಕೈಯಲ್ಲಿದ್ದ ಆಣತಿ ಮುಗಿಸಿ ಬರಲು ಒಮ್ಮೊಮ್ಮೆ ಕೆಲವು ಸೈಕಲ್ ಹೆಚ್ಚು ಹಿಡಿಯುತ್ತದೆ, ಒಂದು ಸೈಕಲ್ ಅಂದರೆ ಮೂರು ಪಿಕ್ಸೆಲ್. ಅಷ್ಟು ನಡುಕ ಅಸಲಿಯಲ್ಲೂ ಇದೆ. ಎ12 ಒಂದೇ ಗೆರೆಯಲ್ಲಿ ಹಲವು ಸಲ ಏರಿಳಿಯುವುದುಂಟು. ಅಸಲಿ ಚಿಪ್ ಸಿಪಿಯು ಕ್ಲಾಕ್ ನೋಡಿ ಚಿಕ್ಕ ಏರಿಳಿತಗಳನ್ನು ಸೋಸುತ್ತದೆ. ಸೋಸುವುದನ್ನು ಸರಿಯಾಗಿ ಮಾಡದ ನಕಲಿ ಚಿಪ್ ಹೆಚ್ಚು ಎಣಿಸಿ ಪಟ್ಟಿಯನ್ನು ಮೇಲೆ ಕೆಳಗೆ ಕುಣಿಸುತ್ತದೆ. ನಡುಕ ಒಂದು ಗೆರೆಯೊಳಗಿನ ತುಂಡಿನಲ್ಲಿ ಮಾತ್ರ ಇದ್ದರೆ ಬಿಟ್ಟುಬಿಡಿ, ಇಡೀ ಪಟ್ಟಿ ಹಾರಿದರೆ ಕ್ಯಾಸೆಟ್‌ನ ದೋಷ.

ಸೋನಿಕ್‌ನ ಜಲಪಾತ ಟಿವಿಯಲ್ಲಿ ಗಾಜಿನ ಹಾಗಿತ್ತು, ಎಮ್ಯುಲೇಟರ್‌ನಲ್ಲಿ ಕಂಬಿ ಕಂಬಿ.

ಮೆಗಾ ಡ್ರೈವ್‌ಗೆ ಪಾರದರ್ಶಕ ಬಣ್ಣ ಬೆರೆಸುವ ಶಕ್ತಿ ಇಲ್ಲ. ಒಂದು ಕಾಲಂ ನೀರು, ಒಂದು ಕಾಲಂ ಖಾಲಿ ಬಿಡಿಸಿದ್ದಾರೆ. ಹಳದಿ ಪಿನ್ನಿನ ಕಾಂಪೊಸಿಟ್ ಸಿಗ್ನಲ್‌ನಲ್ಲಿ ಪಕ್ಕದ ಪಿಕ್ಸೆಲ್‌ಗಳು ಕಲೆತುಹೋಗಿ ಕಣ್ಣಿಗೆ ತೆಳು ನೀರಾಗುತ್ತಿತ್ತು. ಅಸಲಿ ಯಂತ್ರಕ್ಕೇ ಆರ್‌ಜಿಬಿ ಕೇಬಲ್ ಹಾಕಿದರೂ ಕಂಬಿ ಕಾಣುತ್ತದೆ. ಎಮ್ಯುಲೇಟರ್‌ನಲ್ಲಿ ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನ ಟಿವಿ ಪದ್ಧತಿ) ಕಾಂಪೊಸಿಟ್ ಫಿಲ್ಟರ್ ಹಾಕಿ.

ಅದೇ ಆಟದ ನೀರಿನ ಮಟ್ಟದಲ್ಲಿ ಇದರ ತದ್ವಿರುದ್ಧ ಸಂಗತಿ ಇದೆ. ಮೇಲೊಂದು ಬಣ್ಣಗುಂಪು, ನೀರೊಳಗೆ ಇನ್ನೊಂದು. ಪರದೆ ಬಿಡಿಸುತ್ತಿರುವಾಗಲೇ ಬಣ್ಣದ ಮೆಮೊರಿಗೆ ಬರೆದರೆ ಬರೆದ ಬಣ್ಣವೇ ಆ ಜಾಗದಲ್ಲಿ ಚುಕ್ಕಿಯಾಗಿ ಸಿಡಿಯುತ್ತದೆ. ನೀರಿನ ಮೇಲಿನ ತೆರೆಯ ಸ್ಪ್ರೈಟ್‌ಗಳು ಅಂದದ ಜೊತೆಗೆ ಅದನ್ನು ಮರೆಮಾಡುವ ಕೆಲಸವನ್ನೂ ಮಾಡುತ್ತವೆ. ಅಸಲಿಯಲ್ಲಿ ಆ ಚುಕ್ಕಿಗಳು ಕಂಡರೆ ಯಂತ್ರ ಸರಿಯಾಗಿಯೇ ಇದೆ. ಬಹಳ ಎಮ್ಯುಲೇಟರ್‌ಗಳು ಅವನ್ನು ತೋರಿಸುವುದೇ ಇಲ್ಲ.

ಪ್ಲೇಸ್ಟೇಷನ್ ಆಟದಲ್ಲಿ ಗೋಡೆಗಳು ನಡುಗ್ತವೆ, ನೆಲದ ಚಿತ್ರ ವಕ್ರವಾಗುತ್ತೆ. ಪಿಜಿಎಕ್ಸ್‌ಪಿ ಹಾಕಿದ್ರೆ ಸಾಕಾ?

1994ರ ಆ ಯಂತ್ರದಲ್ಲಿ ಮೂರು ಕೊರತೆ ಒಟ್ಟಿಗಿವೆ. ತ್ರಿಕೋನದ ಮೂಲೆಗಳು ಪೂರ್ಣ ಪಿಕ್ಸೆಲ್‌ಗೇ ಕೂರುತ್ತವೆ, ಅದರಿಂದ ನಡುಕ. ಟೆಕ್ಸ್ಚರ್ ಹಾಸುವಾಗ ದೂರದ ಲೆಕ್ಕ ಇಲ್ಲ, ಅದರಿಂದ ವಕ್ರತೆ. ಆಳದ ಬಫರ್ ಇಲ್ಲ, ದೂರದ್ದನ್ನು ಮೊದಲು ಬಿಡಿಸಿ ಹತ್ತಿರದ್ದನ್ನು ಮೇಲೆ ಹಾಕುತ್ತದೆ, ಅದರಿಂದ ಒಮ್ಮೊಮ್ಮೆ ಹಿಂದಿನ ಗೋಡೆ ಮುಂದೆ ಇಣುಕುತ್ತದೆ.

ಡಕ್‌ಸ್ಟೇಷನ್ ಎಂಬ ಪ್ಲೇಸ್ಟೇಷನ್ ಎಮ್ಯುಲೇಟರ್‌ನಲ್ಲಿರುವ ಪಿಜಿಎಕ್ಸ್‌ಪಿ ಆಯ್ಕೆ ಮೂಲೆಗಳ ದಶಾಂಶ ಬೆಲೆಯನ್ನು ಕಾಯ್ದಿಟ್ಟುಕೊಂಡು ಮೊದಲ ಎರಡನ್ನು ಸರಿಪಡಿಸುತ್ತದೆ. ಬೆಲೆಯ ಜಾಡು ತಪ್ಪಿದ ಕಡೆ ಒಂದು ಮೂಲೆ ಸರಿಪಡಿಸಿದ ಜಾಗದಲ್ಲಿ, ಪಕ್ಕದ್ದು ಹಳೆ ಜಾಗದಲ್ಲಿ ಕೂತು ನಡುವೆ ಸಣ್ಣ ಬಿರುಕು ಬೀಳುತ್ತದೆ. ಮೊದಲು ಜ್ಯಾಮಿತಿ ತಿದ್ದುಪಡಿ ಮಾತ್ರ ಹಾಕಿ ಆಡಿ, ಆಮೇಲೆ ಟೆಕ್ಸ್ಚರ್ ತಿದ್ದುಪಡಿ. ಆಳದ ಬಫರ್ ಆಯ್ಕೆ ಅನೇಕ ಆಟಗಳನ್ನು ಕೆಡಿಸುತ್ತದೆ, ಮುಟ್ಟದಿರುವುದೇ ಒಳ್ಳೆಯದು. ಸಿಪಿಯು ಮೋಡ್ ಬೆರಳೆಣಿಕೆಯ ಆಟಗಳಿಗಷ್ಟೇ ಬೇಕು, ಫೋನಿನಲ್ಲಿ ಅದು ತುಂಬಾ ಭಾರ.

ಎಮ್ಯುಲೇಟರ್‌ನದೇ ತಪ್ಪು ಅಂತ ಅನ್ನಿಸ್ತಿದೆ. ಬರೆದವರಿಗೆ ತಿಳಿಸೋ ಮುಂಚೆ ಏನು ನೋಡಬೇಕು?

ಎಲ್ಲ ‘ಸುಧಾರಣೆ’ಗಳನ್ನೂ ಆಫ್ ಮಾಡಿ: ಸ್ಪ್ರೈಟ್ ಮಿತಿ ತೆಗೆಯುವ ಆಯ್ಕೆ, ಓವರ್‌ಕ್ಲಾಕ್, ಚೀಟ್, ಶೇಡರ್. ಹಳೆ ಸೇವ್ ಸ್ಟೇಟ್ ತೆರೆಯದೆ ಪವರ್ ಆನ್‌ನಿಂದ ಆಡಿ ಅದೇ ಜಾಗಕ್ಕೆ ಬನ್ನಿ. ಹಿಂದಿನ ಆವೃತ್ತಿಯ ಸ್ಟೇಟ್‌ನಿಂದ ಬಂದ ಕಸವನ್ನು ದೋಷ ಅಂತ ತಿಳಿಸುವವರು ಬಹಳ. ರೀಜನ್ ಸರಿಯಿದೆಯೇ ನೋಡಿ. ಇನ್ನೊಂದು ಎಮ್ಯುಲೇಟರ್‌ನಲ್ಲಿ ಅದೇ ಫೈಲ್ ಹಾಕಿ. ಎರಡರಲ್ಲೂ ಅದೇ ದೋಷ ಅದೇ ಫ್ರೇಮಿನಲ್ಲಿ ಬಂದರೆ ಅದು ಬಹುಪಾಲು ಆಟದ್ದೇ. ಅಸಲಿ ಯಂತ್ರದ ವಿಡಿಯೋ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಅಮೆರಿಕದ್ದೋ ಪಾಲ್‌ದೋ ಅಂತ ನೋಡಿಕೊಳ್ಳಿ.

ಬರೆಯುವಾಗ ಎಮ್ಯುಲೇಟರ್‌ನ ಆವೃತ್ತಿ ಸಂಖ್ಯೆ, ರಾಮ್‌ನ ಸಿಆರ್‌ಸಿ32 (ಫೈಲನ್ನು ಗುರುತಿಸುವ ಅಂಕಿ), ರೀಜನ್, ಪವರ್ ಆನ್‌ನಿಂದ ದೋಷದವರೆಗಿನ ಇನ್‌ಪುಟ್ ಮೂವಿ ಫೈಲ್ (ಒತ್ತಿದ ಗುಂಡಿಗಳ ದಾಖಲೆ) ಕೊಡಿ. ರಾಮ್ ಫೈಲನ್ನು ಲಗತ್ತಿಸಬೇಡಿ. ಹಕ್ಕುಸ್ವಾಮ್ಯದ ಕಾರಣಕ್ಕೆ ನಿಮ್ಮ ವರದಿಯನ್ನೇ ಅಳಿಸಿಬಿಡುತ್ತಾರೆ, ಸಿಆರ್‌ಸಿ ಇದ್ದರೆ ಅವರೇ ತಮ್ಮ ಪ್ರತಿಯನ್ನು ಹೊಂದಿಸಿ ನೋಡಿಕೊಳ್ಳುತ್ತಾರೆ.